ಉಳುವ ನೆಲವೂ ಊರಿನ ಧರ್ಮವೂ

ಭೂಮಿಯನ್ನು ತಾಯಿಯೆಂದು ಕರೆಯುವುದು ಈ ದೇಶದಲ್ಲಿ ಬಹು ಹಿಂದಿನಿಂದ ಬಂದ ರೂಢಿ. ಬೆಳಗ್ಗೆ ಎದ್ದು ನೆಲಕ್ಕೆ ಕಾಲಿಡುವ ಮೊದಲು ಆಕೆಯ ಕ್ಷಮೆಯನ್ನು ಬೇಡುವ ಸಂಪ್ರದಾಯವು ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಆದರೆ ತಾಯಿಯನ್ನು ಅಳೆದು, ಚದರಡಿಗೆ ಇಷ್ಟೆಂದು ಬೆಲೆಕಟ್ಟಿ ಮಾರಿಬರುವ ಮಗನು ಲೋಕದಲ್ಲಿ ಎಲ್ಲಿಯೂ ಇಲ್ಲ. ಹೊಲವನ್ನು ಹಾಗೆ ಮಾರುವವರು ಎಲ್ಲೆಲ್ಲಿಯೂ ಇದ್ದಾರೆ. ಹಾಗಾದರೆ ತಾಯಿಯೆಂಬ ಮಾತು ಬರಿಯ ಉಪಚಾರವೆ? ಅಥವಾ ಮಾರಿದವನು ಪಾಪಿಯೆ? ಎರಡನ್ನೂ ಹೇಳಿಬಿಡುವುದು ಸುಲಭ, ಎರಡೂ ನಿಜವಲ್ಲ. ನೆಲವು ಯಾವ ಅರ್ಥದಲ್ಲಿ ಒಬ್ಬನದು, ಯಾವ ಅರ್ಥದಲ್ಲಿ ಎಲ್ಲರದು, ಮತ್ತು ಎಲ್ಲರದು ಎಂದಮೇಲೆ ಅದನ್ನು ಕಾಯುವ ಹೊರೆಯನ್ನು ಯಾರು ಹೊರತಕ್ಕದ್ದು ಎಂಬ ಮೂರು ಪ್ರಶ್ನೆಗಳನ್ನು ಬಿಡಿಸದ ಹೊರತು ಈ ತೊಡಕು ಬಿಡದು.

ಪ್ರಶ್ನೆಯು ಕೇವಲ ಶಾಸ್ತ್ರಕಾರರದಲ್ಲ. ಬೆಂಗಳೂರಿಗೆ ಉತ್ತರದಲ್ಲಿರುವ ದೇವನಹಳ್ಳಿಯ ಸುತ್ತಣ ನೆಲವು ದ್ರಾಕ್ಷಿಗೂ, ಚಕ್ಕೋತಕ್ಕೂ, ಹಿಪ್ಪುನೇರಳೆಗೂ, ತರಕಾರಿಗೂ ಹೆಸರಾದದ್ದು. 2008ರಲ್ಲಿ ಅಲ್ಲಿ ವಿಮಾನ ನಿಲ್ದಾಣವು ಪ್ರಾರಂಭವಾಯಿತು. ಅದರ ಹಿಂದೆ ಅಗಲವಾದ ರಸ್ತೆಗಳು ಬಂದುವು. ರಸ್ತೆಗಳ ಹಿಂದೆ ಬಡಾವಣೆಗಳು ಬಂದುವು. ಅನಂತರ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆಯನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳುವ ಏರ್ಪಾಡು ನಡೆಯಿತು. ರೈತರು 2022ರ ಏಪ್ರಿಲಿನಲ್ಲಿ ಧರಣಿ ಕುಳಿತರು. ಮೂರು ವರ್ಷಕ್ಕೂ ಮೀರಿ ಕುಳಿತೇ ಇದ್ದರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಆ ಪ್ರಯತ್ನವನ್ನು ಕೈಬಿಟ್ಟಿರುವುದಾಗಿ ಸಾರಿದರು. ತಾವಾಗಿ ಕೊಡಲು ಬಂದವರ ಭೂಮಿಯನ್ನು ಮಾತ್ರ ಹೆಚ್ಚಿನ ಬೆಲೆಗೆ ಕೊಳ್ಳುವುದಾಗಿಯೂ ಹೇಳಿದರು.

ಮೇಲುನೋಟಕ್ಕೆ ಇಲ್ಲಿ ಕಥೆಯು ಮುಗಿಯಿತು. ಬಲಾತ್ಕಾರವು ತಪ್ಪಿತು, ಕೊಡುವವನು ಕೊಡಲಿ, ಉಳಿಸಿಕೊಳ್ಳುವವನು ಉಳಿಸಿಕೊಳ್ಳಲಿ, ಇದಕ್ಕಿಂತ ನ್ಯಾಯವಾದ ಮಾತು ಯಾವುದು? ಆದರೆ ವಿಚಾರವು ಆರಂಭವಾಗಬೇಕಾದುದು ಇಲ್ಲಿಯೇ. ಏಕೆಂದರೆ ಹೊಲವು ಪೆಟ್ಟಿಗೆಯೊಳಗಿನ ಒಡವೆಯಂತೆ ಒಂಟಿಯಾಗಿ ಇರತಕ್ಕ ಪದಾರ್ಥವಲ್ಲ. ಒಬ್ಬನು ತನ್ನ ಒಡವೆಯನ್ನು ಮಾರಿದರೆ ನೆರೆಯವನ ಒಡವೆಗೆ ಮಾಸು ಹತ್ತುವುದಿಲ್ಲ. ಒಬ್ಬನು ಎರಡು ಎಕರೆ ಹೊಲವನ್ನು ನಿವೇಶನಗಳಿಗೆಂದು ಮಾರಿದರೆ ಆ ಕ್ಷಣದಿಂದ ಪಕ್ಕದ ಎರಡು ಎಕರೆಯ ಸ್ವರೂಪವೇ ಬೇರೆಯಾಗುತ್ತದೆ. ಮೇಲಿನ ಹೊಲದಿಂದ ಇಳಿದುಬರುತ್ತಿದ್ದ ಮಳೆಯ ನೀರಿಗೆ ಗೋಡೆಯು ಅಡ್ಡವಾಗುತ್ತದೆ. ಇಲ್ಲವೆ ಚರಂಡಿಯ ಕೊಳೆಯು ಅದರೊಡನೆ ಕೂಡುತ್ತದೆ. ಎತ್ತು ಹೋಗುತ್ತಿದ್ದ ಬಂಡಿದಾರಿಗೆ ಬೇಲಿ ಬೀಳುತ್ತದೆ. ಹೊಸ ಮನೆಯವರಿಗೆ ಗೊಬ್ಬರದ ಗುಂಡಿಯ ನಾತವು ಸೇರದು. ಔಷಧಿ ಹೊಡೆದರೆ ಅವರ ಮಕ್ಕಳಿಗೆ ಕೆಮ್ಮು. ಕೂಲಿಯಾಳುಗಳು ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಉಳಿದವನ ಮನಸ್ಸಿನಲ್ಲಿ, ಇಂದಲ್ಲ ನಾಳೆ ತಾನೂ ಮಾರುವವನೇ ಎಂಬ ಭಾವನೆಯು ನೆಲೆಸುತ್ತದೆ. ಆ ಭಾವನೆ ಬಂದವನು ಬದುವನ್ನು ಕಟ್ಟುವುದಿಲ್ಲ, ಬಾವಿಯ ಹೂಳನ್ನು ತೆಗೆಯಿಸುವುದಿಲ್ಲ, ಹತ್ತು ವರ್ಷಕ್ಕೆ ಫಲ ಕೊಡುವ ಸಸಿಯನ್ನು ನೆಡುವುದಿಲ್ಲ. ಹೊಲವು ಮಾರಾಟವಾಗುವುದಕ್ಕೆ ಬಹು ಮೊದಲೇ ಅವನ ಮನಸ್ಸಿನಲ್ಲಿ ಬೀಳುಬಿದ್ದಿರುತ್ತದೆ.

ರಸ್ತೆಯ ವಿಷಯದಲ್ಲಿಯೂ ಹೀಗೆಯೇ. ರಸ್ತೆಯು ರೈತನ ಶತ್ರುವೆಂದು ಹೇಳುವವನು ರೈತನನ್ನು ಅರಿಯನು. ಬೆಳಗಿನ ಜಾವದಲ್ಲಿ ಟೊಮ್ಯಾಟೊ ಬುಟ್ಟಿಗಳನ್ನು ಮಾರುಕಟ್ಟೆಗೆ ಮುಟ್ಟಿಸಬೇಕಾದವನಿಗೆ ಒಳ್ಳೆಯ ದಾರಿಯ ಬೆಲೆ ಗೊತ್ತು. ಆದರೆ ಹೊಲಕ್ಕೆ ಬರುವ ರಸ್ತೆಯು ಬೇರೆ, ಹೊಲದ ಮೇಲೆ ಹಾದುಹೋಗುವ ರಸ್ತೆಯು ಬೇರೆ. ಮೊದಲನೆಯದು ಹಳ್ಳಿಯ ಸೇವೆಗೆ ಬಂದದ್ದು. ಎರಡನೆಯದು ದೂರದ ಎರಡು ಪಟ್ಟಣಗಳ ಅವಸರಕ್ಕಾಗಿ ನಡುವಣ ಹಳ್ಳಿಯನ್ನು ಸೀಳಿದ್ದು. ಎತ್ತರಕ್ಕೆ ಮಣ್ಣು ತುಂಬಿ ಕಟ್ಟಿದ ಹೆದ್ದಾರಿಯು ಗದ್ದೆಯಿಂದ ಗದ್ದೆಗೆ ಹರಿಯುವ ನೀರನ್ನು ತಡೆಯುತ್ತದೆ. ಆಚೆಯ ಹೊಲಕ್ಕೆ ಹೋಗಬೇಕಾದ ರೈತನು ಮೈಲಿಗಟ್ಟಲೆ ಸುತ್ತಿ ಬರಬೇಕು. ಮತ್ತು ಅದರ ಎರಡು ಅಂಚಿನಲ್ಲಿಯೂ ಭೂಮಿಯ ಬೆಲೆಯು, ಅದು ಬೆಳೆಯತಕ್ಕ ಬೆಳೆಗೆ ಯಾವ ಸಂಬಂಧವೂ ಇಲ್ಲದಂತೆ, ಏರಿಬಿಡುತ್ತದೆ.

ಕಳೆದ ನೆಲವು ಮರಳಿ ಬರುವುದಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಒಂದು ಅಂಗುಲ ಫಲವತ್ತಾದ ಮೇಲ್ಮಣ್ಣು ಪ್ರಕೃತಿಯಲ್ಲಿ ಉಂಟಾಗುವುದಕ್ಕೆ ನೂರಾರು ವರ್ಷಗಳು ಹಿಡಿಯುತ್ತವೆ. ಅದನ್ನು ಕೆರೆದುಹಾಕಿ ಜಲ್ಲಿ ಸುರಿಯುವುದಕ್ಕೆ ಒಂದು ದಿನವು ಸಾಕು. ತಪ್ಪಾಗಿ ಕಟ್ಟಿದ ಮನೆಯನ್ನು ಕೆಡಹಬಹುದು. ಕೆಡಹಿದ ಮೇಲೆ ಅಲ್ಲಿ ಹಿಂದಿನ ಗದ್ದೆಯು ಇರುವುದಿಲ್ಲ. ತಿದ್ದಿಕೊಳ್ಳಲಾಗದ ಕಾರ್ಯದಲ್ಲಿ ಕೈಹಾಕುವವನು ತಿದ್ದಿಕೊಳ್ಳಬಹುದಾದ ಕಾರ್ಯಕ್ಕಿಂತ ಹೆಚ್ಚಿನ ವಿವೇಚನೆಯನ್ನು ತೋರಬೇಕೆಂಬುದು ಸಾಮಾನ್ಯ ನೀತಿ.

ಈ ದೇಶದ ಹಳೆಯ ವಿಚಾರಪರರು ಇದನ್ನು ಕಾಣದೆ ಇರಲಿಲ್ಲ. ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯದಲ್ಲಿ ವಿಶ್ವಜಿತ್ ಎಂಬ ಯಾಗದ ವಿಚಾರವು ಬರುತ್ತದೆ. ಆ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಾನಮಾಡಬೇಕು. ಚಕ್ರವರ್ತಿಯು ಆ ಯಾಗವನ್ನು ಮಾಡಿದರೆ ಭೂಮಿಯನ್ನೂ ದಾನಮಾಡಬಹುದೆ ಎಂಬುದು ಪ್ರಶ್ನೆ. ಕೂಡದೆಂದು ಸಿದ್ಧಾಂತ. ಭೂಮಿಯು ಎಲ್ಲರಿಗೂ ಸಮಾನವಾದದ್ದರಿಂದ ಅದು ರಾಜನ ಸ್ವತ್ತಲ್ಲವೆಂಬುದು ಅದಕ್ಕೆ ಕೊಟ್ಟ ಕಾರಣ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿದ್ದ ಮಾಧವಾಚಾರ್ಯರು, ಎಂದರೆ ಸಾಯಣಾಚಾರ್ಯರ ಅಣ್ಣಂದಿರು, ತಮ್ಮ ಜೈಮಿನೀಯ ನ್ಯಾಯಮಾಲಾ ವಿಸ್ತರದಲ್ಲಿ ಇದನ್ನು ಇನ್ನಷ್ಟು ಬಿಡಿಸಿದರು. ರಾಜನ ಒಡೆತನವು ದುಷ್ಟರನ್ನು ಶಿಕ್ಷಿಸಿ ಶಿಷ್ಟರನ್ನು ಕಾಯುವುದಕ್ಕೆ. ಭೂಮಿಯು ತಮ್ಮ ತಮ್ಮ ಕರ್ಮಫಲವನ್ನು ಅನುಭವಿಸುವ ಸಕಲ ಪ್ರಾಣಿಗಳ ಸಾಧಾರಣ ಧನ. ಒಬ್ಬನಿಗೆ ಸೇರಿದ ತುಂಡು ನೆಲದ ದಾನವು ನಡೆದೀತು, ಮಹಾಭೂಮಿಯ ದಾನವು ನಡೆಯದು ಎಂದು ಅವರ ಅಭಿಪ್ರಾಯ.

ಈ ವಿವೇಚನೆಯ ಸೂಕ್ಷ್ಮವನ್ನು ಗಮನಿಸಬೇಕು. ತುಂಡು ನೆಲವು ಒಬ್ಬನದಾಗಬಹುದೆಂದು ಅವರು ಒಪ್ಪಿದರು. ಆದರೆ ತುಂಡುಗಳೆಲ್ಲ ಕೂಡಿದ ಭೂಮಿಯು ಯಾರದೂ ಅಲ್ಲ, ಆದುದರಿಂದಲೇ ಎಲ್ಲರದು ಎಂದರು. ರಾಜನಿಗೇ ಇಲ್ಲದ ಅಧಿಕಾರವು ಇಂದಿನ ಸರ್ಕಾರಕ್ಕೆ ಎಲ್ಲಿಂದ ಬರಬೇಕು? ಮತ್ತು ಒಂದೊಂದು ತುಂಡನ್ನೂ ಒಬ್ಬೊಬ್ಬನು ನ್ಯಾಯವಾಗಿಯೇ ಮಾರುತ್ತ ಬಂದು, ಕೊನೆಗೆ ಒಂದು ಹೋಬಳಿಯ ಭೂಮಿಯೇ ಇಲ್ಲವಾದರೆ, ಯಾರಿಗೂ ಮಾಡಲಾಗದ ದಾನವನ್ನು ಎಲ್ಲರೂ ಕೂಡಿ ಮಾಡಿದಂತಾಯಿತಲ್ಲವೆ?

ಇಷ್ಟನ್ನು ಕೇಳಿದ ರೈತನು ಸುಮ್ಮನಿರುವುದಿಲ್ಲ. ಸುಮ್ಮನಿರಬೇಕಾದ ಕಾರಣವೂ ಇಲ್ಲ. ಅವನ ಪೂರ್ವಪಕ್ಷವು ಬಲವಾದದ್ದು. ಭೂಮಿಯು ಎಲ್ಲರದು ಎಂಬ ಮಾತು ಮಾರುವ ದಿನ ಮಾತ್ರ ಏಕೆ ಕೇಳಿಸುತ್ತದೆ? ಕೊಳವೆಬಾವಿಯಲ್ಲಿ ನೀರು ಬಾರದೆ ಸಾಲವು ಉಳಿದ ದಿನ ಅದು ಅವನೊಬ್ಬನದೇ ಆಗಿತ್ತು. ಈರುಳ್ಳಿಯ ಬೆಲೆಯು ಬಿದ್ದು, ಕೀಳುವ ಕೂಲಿಯೂ ಹುಟ್ಟದೆ, ಬೆಳೆಯನ್ನು ಹೊಲದಲ್ಲಿಯೇ ಉತ್ತುಬಿಟ್ಟ ದಿನವೂ ಅವನೊಬ್ಬನದೇ ಆಗಿತ್ತು. ಈಗ, ಜೀವಮಾನದಲ್ಲಿ ಒಂದು ಸಲ, ಮಗಳ ಓದಿಗೂ ತಾಯಿಯ ಔಷಧಕ್ಕೂ ಸಾಲುವಷ್ಟು ಹಣವು ಕಣ್ಣೆದುರಿಗೆ ಬಂದಾಗ, ನಿಲ್ಲು, ಇದು ಎಲ್ಲರದು ಎನ್ನುವವರು ಯಾರು? ತಮ್ಮ ತಾತಂದಿರ ಹೊಲವನ್ನು ಎಂದೋ ಮಾರಿ ಪಟ್ಟಣದಲ್ಲಿ ಮನೆಕಟ್ಟಿ, ಭಾನುವಾರದಂದು ಹಸಿರನ್ನು ನೋಡಲು ಕಾರಿನಲ್ಲಿ ಬರುವವರು. ಅವರ ಕಣ್ಣಿನ ತಂಪಿಗಾಗಿ ಇವನು ಬಡವನಾಗಿ ಉಳಿಯಬೇಕೆ?

ಈ ಪೂರ್ವಪಕ್ಷದಲ್ಲಿ ಅರ್ಧವು ಸತ್ಯ. ಆ ಅರ್ಧವನ್ನು ಒಪ್ಪದೆ ಭೂಮಿಯ ಪಾವಿತ್ರ್ಯವನ್ನು ಕುರಿತು ಮಾಡುವ ಉಪದೇಶವೆಲ್ಲವೂ ಪರರ ಖರ್ಚಿನಲ್ಲಿ ಮಾಡಿದ ದಾನದಂತೆ. ಸಾಧಾರಣ ಧನವನ್ನು ಒಬ್ಬನು ಕಾಯುತ್ತಿರುವಾಗ, ಕಾಯುವ ಹೊರೆಯೂ ಸಾಧಾರಣವಾಗಿರಬೇಕು. ಬರಿಯ ನಿಷೇಧವು ಒಬ್ಬನ ಹೆಗಲ ಮೇಲೆ ಊರಿನ ಧರ್ಮವನ್ನು ಹೇರುತ್ತದೆ. ಬರಿಯ ಬೆಲೆಯು ಊರಿನ ಧರ್ಮವನ್ನು ಒಬ್ಬನ ಅವಶ್ಯಕತೆಗೆ ಒಪ್ಪಿಸಿಬಿಡುತ್ತದೆ. ಎರಡರ ನಡುವೆ ನ್ಯಾಯವಾದ ದಾರಿಯನ್ನು ಹುಡುಕಬೇಕಾದವರು ಯಾರು? ಲಾಭನಷ್ಟಗಳೆರಡನ್ನೂ ಹತ್ತಿರದಿಂದ ಕಾಣತಕ್ಕ ಊರಿನ ಆಡಳಿತವೇ ಸರಿ. ಅಂಥ ಪ್ರಯತ್ನಗಳು ಕೆಲವು ಕಡೆ ನಡೆದಿವೆ. ಅವುಗಳಿಂದ ಕಲಿಯತಕ್ಕದ್ದು ಬಹಳ ಉಂಟು.

ನೆರೆಯ ಕೇರಳವು 2008ರಲ್ಲಿ ಗದ್ದೆಗಳನ್ನೂ ಜೌಗುನೆಲಗಳನ್ನೂ ಕಾಪಾಡುವುದಕ್ಕೆ ಒಂದು ಶಾಸನವನ್ನು ಮಾಡಿತು. ಅದು ಕಾಸರಗೋಡಿನ ಕನ್ನಡಿಗರಿಗೂ ಅನ್ವಯಿಸತಕ್ಕದ್ದು. ಬಯಲು, ಮಜಲು, ಬೆಟ್ಟು ಎಂದು ನೀರಿನ ಆನುಕೂಲ್ಯಕ್ಕೂ ಬೆಳೆಯ ಸಂಖ್ಯೆಗೂ ತಕ್ಕಂತೆ ಗದ್ದೆಗಳನ್ನು ಹೆಸರಿಸಿದ ಆ ಕರಾವಳಿಯ ಜನಕ್ಕೆ ಗದ್ದೆಗಳಲ್ಲಿ ತಾರತಮ್ಯವುಂಟೆಂಬುದನ್ನು ಶಾಸನವು ಕಲಿಸಬೇಕಾಗಿರಲಿಲ್ಲ. ಶಾಸನದ ವಿಶೇಷವು ಬೇರೆ ಕಡೆ ಇದೆ. ಪ್ರತಿಯೊಂದು ಪಂಚಾಯತಿನಲ್ಲಿಯೂ ಪುರಸಭೆಯಲ್ಲಿಯೂ ಒಂದು ಸಮಿತಿ. ಪಂಚಾಯತಿನ ಅಥವಾ ಪುರಸಭೆಯ ಅಧ್ಯಕ್ಷರೇ ಅದರ ಅಧ್ಯಕ್ಷರು. ಕೃಷಿ ಅಧಿಕಾರಿ, ಗ್ರಾಮಾಧಿಕಾರಿ, ಮೂವರು ರೈತರ ಪ್ರತಿನಿಧಿಗಳು ಸದಸ್ಯರು. ಯಾವುದು ಗದ್ದೆ, ಯಾವುದು ಅಲ್ಲ ಎಂಬ ಪಟ್ಟಿಯನ್ನು ಸಿದ್ಧಪಡಿಸುವವರು ಅವರು. ಬೇರೆ ಜಾಗವಿಲ್ಲದ ಒಡೆಯನು ತನ್ನ ವಾಸಕ್ಕೆಂದು ಪಂಚಾಯತಿನಲ್ಲಿ 10 ಸೆಂಟು, ಪುರಸಭೆಯಲ್ಲಿ 5 ಸೆಂಟು ಮೀರದಂತೆ ಮನೆ ಕಟ್ಟಿಕೊಳ್ಳಲು ಅವಕಾಶವೂ ಉಂಟು. ದೂರದ ಕಚೇರಿಯ ಕಾಗದದಲ್ಲಿ ಒಂದು ಸರ್ವೆ ನಂಬರಾಗಿ ಕಾಣುವ ನೆಲವನ್ನು ಅದರ ಪಕ್ಕದಲ್ಲಿ ದಿನವೂ ನಡೆದಾಡುವವರ ಎದುರಿಗೆ ತಂದಿಟ್ಟದ್ದು ಸಣ್ಣ ಕೆಲಸವಲ್ಲ.

ಆದರೆ ಸಾರ್ವಜನಿಕ ಉದ್ದೇಶಕ್ಕಾಗಿ ವಿನಾಯಿತಿ ಕೊಡುವ ಅಧಿಕಾರವನ್ನು ರಾಜ್ಯಸರ್ಕಾರವು ತನ್ನಲ್ಲಿಯೇ ಇಟ್ಟುಕೊಂಡಿತು. ಕಣ್ಣೂರು ಜಿಲ್ಲೆಯ ಕೀಳಾಟ್ಟೂರಿನಲ್ಲಿ ಹೆದ್ದಾರಿಯ ಬೈಪಾಸ್ ರಸ್ತೆಯು ಗದ್ದೆಗಳ ನಡುವೆ ಹಾದುಹೋಗುವುದೆಂದು ತಿಳಿದಾಗ, ಗದ್ದೆಯ ಹಕ್ಕಿಗಳೆಂಬ ಅರ್ಥದ ವಯಲ್‌ಕಿಳಿಗಳ್ ಎಂಬ ಹೆಸರಿನಿಂದ ಜನರು ಗುಂಪುಗೂಡಿ ಎದುರಿಸಿದರು. 2018ರಲ್ಲಿ ಆ ಚಳವಳಿಯು ಕೇರಳವೆಲ್ಲವನ್ನೂ ಆ ಕಡೆಗೆ ನೋಡುವಂತೆ ಮಾಡಿತು. ಕೊನೆಗೆ ರಸ್ತೆಯ ಮಾರ್ಗವು ಬದಲಾಗಲಿಲ್ಲ. ಗದ್ದೆಗಳ ಒಡೆಯರಲ್ಲಿ ಅನೇಕರು ಪರಿಹಾರವನ್ನು ಪಡೆದು ಭೂಮಿಯನ್ನು ಕೊಡಲು ಒಪ್ಪಿದ್ದರೆಂಬುದನ್ನೂ ಮರೆಯಲಾಗದು. ಅವರನ್ನು ದೂರುವ ಮೊದಲು ಒಂದು ಲೆಕ್ಕವನ್ನು ನೋಡಬೇಕು. ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಕೇರಳ ಸರ್ಕಾರವು 2020ರಲ್ಲಿ ಒಂದು ಗೌರವಧನವನ್ನು ಪ್ರಾರಂಭಿಸಿತು: ಹೆಕ್ಟೇರಿಗೆ, ಎಂದರೆ ಸುಮಾರು ಎರಡೂವರೆ ಎಕರೆಗೆ, ವರ್ಷಕ್ಕೆ 2,000 ರೂಪಾಯಿ. ಆಗ ಅದು ತಿಂಗಳಿಗೆ 170 ರೂಪಾಯಿಯೂ ಆಗುತ್ತಿರಲಿಲ್ಲ. ತತ್ತ್ವದಲ್ಲಿ ಇದು ದೊಡ್ಡ ಹೆಜ್ಜೆ. ಕಾಯುವವನಿಗೆ ಊರು ಋಣಿಯೆಂಬುದನ್ನು ಬಾಯಿಬಿಟ್ಟು ಒಪ್ಪಿದಂತಾಯಿತು. ಪ್ರಮಾಣದಲ್ಲಿ ಮಾತ್ರ ಅದು ಋಣವನ್ನು ತೀರಿಸಿದ್ದಲ್ಲ, ನೆನೆದದ್ದು ಅಷ್ಟೆ.

ಋಣವನ್ನು ತೀರಿಸಲು ಯತ್ನಿಸಿದ ಇನ್ನೊಂದು ದೃಷ್ಟಾಂತವು ಬಹುದೂರದ್ದು. ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ನಿಗೆ ಹೊಂದಿಕೊಂಡು ಮೇರಿಲ್ಯಾಂಡ್ ರಾಜ್ಯದ ಮಾಂಟ್‌ಗಾಮರಿ ಕೌಂಟಿಯಿದೆ; ಕೌಂಟಿಯೆಂದರೆ ಇಲ್ಲಿಯ ಜಿಲ್ಲೆಯಂಥದು, ಆದರೆ ಅದಕ್ಕೆ ಜನರೇ ಆರಿಸಿದ ಆಡಳಿತವುಂಟು. ರಾಜಧಾನಿಯು ಬೆಳೆದಂತೆಲ್ಲ ಅದರ ಹೊಲಗಳು ಕರಗುತ್ತ ಬಂದುವು. 1980ರಲ್ಲಿ ಕೌಂಟಿಯು ಸುಮಾರು 93,000 ಎಕರೆಯನ್ನು, ತನ್ನ ವಿಸ್ತೀರ್ಣದ ಹೆಚ್ಚುಕಡಮೆ ಮೂರನೆಯ ಒಂದು ಭಾಗವನ್ನು, ಕೃಷಿಗೆಂದು ಮೀಸಲಿಟ್ಟಿತು. ಅದಕ್ಕೆ ಮೊದಲು 5 ಎಕರೆಗೆ ಒಂದು ಮನೆಯನ್ನು ಕಟ್ಟಬಹುದಾಗಿದ್ದಲ್ಲಿ 25 ಎಕರೆಗೆ ಒಂದೇ ಮನೆಯೆಂದು ನಿಯಮವಾಯಿತು. ಇಲ್ಲಿಗೇ ನಿಂತಿದ್ದರೆ ಅದೂ ಬರಿಯ ನಿಷೇಧವೇ ಆಗುತ್ತಿತ್ತು. ಆದರೆ ರೈತನು ಕಳೆದುಕೊಂಡ ಹಕ್ಕನ್ನು ಕೌಂಟಿಯು ಇಲ್ಲವೆನ್ನಲಿಲ್ಲ. 5 ಎಕರೆಗೆ ಒಂದರಂತೆ ಕಟ್ಟಡದ ಹಕ್ಕು ಅವನದೇ. ಅದನ್ನು ಅವನು ತನ್ನ ಹೊಲದಲ್ಲಿ ಬಳಸಲಾರನು, ಮಾರಬಲ್ಲನು. ಪಟ್ಟಣವು ಬೆಳೆಯಬೇಕೆಂದು ಗೊತ್ತುಮಾಡಿದ ಎಡೆಗಳಲ್ಲಿ ಹೆಚ್ಚು ಮನೆಗಳನ್ನು ಕಟ್ಟಲಿಚ್ಛಿಸುವವನು ಆ ಹಕ್ಕನ್ನು ರೈತನಿಂದ ಕೊಳ್ಳಬೇಕು. ಪಟ್ಟಣದ ಬೆಳವಣಿಗೆಯೇ ಹೊಲದ ರಕ್ಷಣೆಗೆ ಹಣ ತೆರುವಂತಾಯಿತು.

ಅದೇ ಕೌಂಟಿಯು 1993ರಲ್ಲಿ ಇನ್ನೊಂದು ಕೆಲಸವನ್ನು ಮಾಡಿತು. ಹೊಲಗಳ ನಡುವಣ ಕೆಲವು ಹಳ್ಳಿದಾರಿಗಳನ್ನು ಗುರುತಿಸಿ, ಅವುಗಳ ಸ್ವರೂಪವನ್ನು ಕೆಡಿಸದಂತೆ ಕಾಪಾಡಬೇಕೆಂದು ವಿಧಿಸಿತು. ಅಗಲಿಸಿದ ದಾರಿಯು ಹೆಚ್ಚು ವಾಹನಗಳನ್ನು ಕರೆಯುತ್ತದೆ, ಹೆಚ್ಚು ವಾಹನಗಳು ಮನೆಗಳನ್ನು ಕರೆಯುತ್ತವೆ, ಮನೆಗಳು ಮತ್ತೆ ಅಗಲವಾದ ದಾರಿಯನ್ನು ಬೇಡುತ್ತವೆ. ಈ ಚಕ್ರವನ್ನು ಎಲ್ಲಿಯಾದರೂ ಒಂದೆಡೆ ತಡೆಯಬೇಕಾದರೆ ದಾರಿಯಲ್ಲಿಯೇ ತಡೆಯುವುದು ವಿವೇಕ. ಆ ಕೌಂಟಿಯ ಏರ್ಪಾಡುಗಳು ದೋಷರಹಿತವಲ್ಲ. ಹಕ್ಕುಗಳನ್ನು ಕೊಳ್ಳುವವರು ಬೇಕಾದಷ್ಟು ಇಲ್ಲದಿದ್ದಾಗ ಅವುಗಳ ಬೆಲೆಯು ಕುಸಿಯುತ್ತದೆ. ಎಕರೆಗಟ್ಟಲೆ ಹಿಡುವಳಿಗಳ ದೇಶದ ನಿಯಮವನ್ನು ಗುಂಟೆಗಟ್ಟಲೆ ಹಿಡುವಳಿಗಳ ದೇಶಕ್ಕೆ ಹಾಗೆಯೇ ತರಲಾಗದು. ತರಬೇಕಾದುದು ನಿಯಮವನ್ನಲ್ಲ, ಅದರ ಹಿಂದಿನ ನ್ಯಾಯವನ್ನು: ಊರಿಗಾಗಿ ಒಬ್ಬನು ಏನನ್ನು ಬಿಡುತ್ತಾನೆಯೋ ಅದನ್ನು ಊರು ಲೆಕ್ಕವಿಟ್ಟು ಕೊಡಬೇಕು.

ಈ ನ್ಯಾಯವು ಕನ್ನಡನಾಡಿಗೆ ಪರದೇಶದ್ದಲ್ಲ. ಕೆರೆಯನ್ನು ಕಟ್ಟಿಸಿದವನಿಗೂ, ಅದರ ಏರಿ ತೂಬುಗಳನ್ನು ನೋಡಿಕೊಳ್ಳುವವನಿಗೂ ಅದರ ಕೆಳಗೆ ಭೂಮಿಯನ್ನು ಕೊಡುತ್ತಿದ್ದ ಪದ್ಧತಿಯನ್ನು ಶಿಲಾಶಾಸನಗಳು ಕೊಡಗಿ, ಬಿತ್ತುವಟ್ಟ ಮೊದಲಾದ ಹೆಸರುಗಳಿಂದ ಹೇಳುತ್ತವೆ. ಕೆರೆಯು ಎಲ್ಲರದು, ಅದನ್ನು ಕಾಯುವವನು ಹಸಿದಿರಬೇಕೆಂದು ಆ ಕಾಲದವರು ಬಯಸಲಿಲ್ಲ. ಧರ್ಮವನ್ನು ಕಲ್ಲಿನಲ್ಲಿ ಕೆತ್ತಿಸಿದವರು ಅದಕ್ಕೆ ತಗಲುವ ವೆಚ್ಚವನ್ನೂ ಅದೇ ಕಲ್ಲಿನಲ್ಲಿ ಕೆತ್ತಿಸಿದರು.

ಇಂದಿನ ಏರ್ಪಾಡನ್ನು ಈ ಬೆಳಕಿನಲ್ಲಿ ನೋಡಿದರೆ ಅದರ ಕೊರತೆಯು ಸ್ಪಷ್ಟವಾಗುತ್ತದೆ. ಸಂವಿಧಾನದ 73ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದಾಗ, ಪಂಚಾಯಿತಿಗಳಿಗೆ ಒಪ್ಪಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಕೃಷಿಯನ್ನೂ ಎರಡನೆಯದಾಗಿ ಭೂಮಿಯ ಸುಧಾರಣೆ ಮತ್ತು ಮಣ್ಣಿನ ರಕ್ಷಣೆಯನ್ನೂ ಇರಿಸಲಾಯಿತು. ಆದರೆ ಕರ್ನಾಟಕದ ಗ್ರಾಮಪಂಚಾಯಿತಿಯು ತೆರಿಗೆ ಹಾಕಬಹುದಾದದ್ದು ಕಟ್ಟಡಗಳ ಮೇಲೆ ಮತ್ತು ಕೃಷಿಯ ಕಂದಾಯಕ್ಕೆ ಒಳಪಡದ ನೆಲದ ಮೇಲೆ. ರಾಗಿಯ ಹೊಲದಿಂದ ಅದರ ಬೊಕ್ಕಸಕ್ಕೆ ಏನೂ ಬಾರದು. ಅದೇ ಹೊಲವು ನಿವೇಶನಗಳಾದರೆ ವರ್ಷವರ್ಷವೂ ತೆರಿಗೆ ಬರುತ್ತದೆ. ಹೊಲವನ್ನು ಕಾಯಬೇಕಾದವನಿಗೆ ಹೊಲವು ಹೋದರೇ ಲಾಭವೆಂಬಂತೆ ಏರ್ಪಾಡಾಗಿರುವಾಗ, ಪಂಚಾಯಿತಿಯ ಸದಸ್ಯರ ಸ್ವಭಾವವನ್ನು ನಿಂದಿಸಿ ಫಲವೇನು?

ಕೇಂದ್ರದ 2013ರ ಭೂಸ್ವಾಧೀನ ಶಾಸನವು ನೀರಾವರಿಯಿಂದ ಹಲವು ಬೆಳೆ ತೆಗೆಯುವ ನೆಲವನ್ನು ಕೊನೆಯ ಉಪಾಯವಾಗಿಯಲ್ಲದೆ ತೆಗೆದುಕೊಳ್ಳಕೂಡದೆಂದು ತನ್ನ 10ನೆಯ ಪ್ರಕರಣದಲ್ಲಿ ಹೇಳಿದೆ. ಆದರೆ ರೈಲುಮಾರ್ಗ, ಹೆದ್ದಾರಿ, ಕಾಲುವೆ, ವಿದ್ಯುತ್ತಂತಿ ಮೊದಲಾಗಿ ಗೆರೆಯಂತೆ ಸಾಗುವ ಕಾಮಗಾರಿಗಳಿಗೆ ಆ ನಿರ್ಬಂಧವು ಅನ್ವಯಿಸದೆಂದು ಅದೇ ಪ್ರಕರಣವು ಸೇರಿಸಿದೆ. ಗೆರೆಯು ತೆಳ್ಳಗಿದೆ ನಿಜ. ಆದರೆ ಗೆರೆಯ ಹಿಂದೆ ಬರತಕ್ಕದ್ದು ತೆಳ್ಳಗಿರುವುದಿಲ್ಲವೆಂಬುದಕ್ಕೆ ದೇವನಹಳ್ಳಿಯ ದಾರಿಯೇ ಸಾಕ್ಷಿ. ಇತ್ತ, ಬೇಸಾಯಗಾರರಲ್ಲದವರು ಬೇಸಾಯದ ನೆಲವನ್ನು ಕೊಳ್ಳದಂತೆ ತಡೆಯುತ್ತಿದ್ದ ಕರ್ನಾಟಕದ ಭೂಸುಧಾರಣಾ ಶಾಸನದ ಪ್ರಕರಣಗಳು 2020ರಲ್ಲಿ ರದ್ದಾದುವು. ರೈತನಿಗೆ ಕೊಳ್ಳುವವರು ಹೆಚ್ಚಿದರು. ಹೊಲಕ್ಕೆ ಕಾವಲು ಕಡಮೆಯಾಯಿತು.

ಇದಕ್ಕೆ ಪರಿಹಾರವು ಅಸಾಧ್ಯವಾದದ್ದಲ್ಲ. ಹೊಲವನ್ನು ನಿವೇಶನವಾಗಿ ಮಾಡುವಾಗ ಸಲ್ಲುವ ಶುಲ್ಕದಲ್ಲಿ ಒಂದು ಪಾಲು, ಹೊಸ ರಸ್ತೆಯಿಂದ ಅಂಚಿನ ನೆಲಕ್ಕೆ ಏರುವ ಬೆಲೆಯಲ್ಲಿ ಒಂದು ಪಾಲು, ಅದೇ ಊರಿನಲ್ಲಿ ಹೊಲವನ್ನು ಹೊಲವಾಗಿಯೇ ಉಳಿಸಿಕೊಂಡವರಿಗೆ ಪಂಚಾಯಿತಿಯ ಮೂಲಕ ಸೇರಬಹುದು. ಯಾವ ಬಯಲನ್ನು ಉಳಿಸಬೇಕೆಂಬುದನ್ನು ಗ್ರಾಮಸಭೆಯು ರಸ್ತೆಯ ನಕ್ಷೆಯು ಸಿದ್ಧವಾಗುವುದಕ್ಕೆ ಮೊದಲೇ ಗೊತ್ತುಮಾಡಬಹುದು; ಆಮೇಲೆ ಗೊತ್ತುಮಾಡಿದರೆ ಅದು ನಿರ್ಣಯವಲ್ಲ, ಪ್ರಲಾಪ. ಹೀಗೆ ನೆರವು ಪಡೆದವನು ನೆಲವನ್ನು ಬೀಳುಬಿಡಕೂಡದೆಂದು ಕೇಳುವ ಅಧಿಕಾರವೂ ಊರಿಗೆ ಉಂಟಾಗುತ್ತದೆ. ಉಳದವನ ನೆಲವನ್ನು ತೆಗೆದು ಉಳುವವನಿಗೆ ಕೊಡಬೇಕೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವಿಧಿಸಿದ್ದುಂಟು. ಅಷ್ಟು ಕಠಿಣವಾಗಬೇಕಾಗಿಲ್ಲ. ಕೊಟ್ಟವನಿಗೆ ಕೇಳುವ ಹಕ್ಕುಂಟು, ಕೊಡದವನಿಗೆ ಇಲ್ಲ ಎಂದಿಷ್ಟು ಸಾಕು.

ಭೂಮಿಯು ತಾಯಿಯೆಂಬ ಮಾತಿಗೆ ಇಲ್ಲಿ ಅರ್ಥವು ದೊರೆಯುತ್ತದೆ. ಹಲವು ಮಕ್ಕಳಿರುವ ಮನೆಯಲ್ಲಿ ಮುಪ್ಪಿನ ತಾಯಿಯು ಒಬ್ಬ ಮಗನ ಬಳಿ ಇರುವುದುಂಟು. ಅವಳು ಎಲ್ಲರ ತಾಯಿ, ನೋಡಿಕೊಳ್ಳುವವನು ಒಬ್ಬನು. ಉಳಿದ ಮಕ್ಕಳು ಪಟ್ಟಣದಿಂದ ಕಾಗದ ಬರೆದು ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳೆಂದು ಬುದ್ಧಿ ಹೇಳಿದರೆ ಅವನಿಗೆ ಸಿಟ್ಟು ಬರುವುದು ಸಹಜ. ಕಾಗದದ ಜೊತೆಗೆ ತಿಂಗಳು ತಿಂಗಳಿಗೆ ತಮ್ಮ ಪಾಲಿನ ಹಣವನ್ನೂ ಕಳುಹಿಸಿದರೆ ಆ ಬುದ್ಧಿಮಾತು ಅವನಿಗೆ ಅಷ್ಟು ಕಹಿಯಾಗದು. ಇಂದು ಅನ್ನವನ್ನುಣ್ಣುವವರೆಲ್ಲರೂ ಆ ತಾಯಿಯ ಮಕ್ಕಳೇ; ಹೊಲದಲ್ಲಿ ಉಳಿದಿರುವವನು ಅವರಲ್ಲಿ ಒಬ್ಬನು. ಅವನು ಮಾರಿದನೆಂದು ದೂರುವ ಮೊದಲು, ಅವನಿಗೆ ತಾವು ಕಳುಹಿಸಿದ್ದೇನೆಂದು ಉಳಿದವರು ಕೇಳಿಕೊಳ್ಳತಕ್ಕದ್ದು.